ಮೆದುಳಿನ ರಕ್ತನಾಳದಲ್ಲಿ ದೋಷ ಇದೆ, ಖಿನ್ನತೆಯ ಮಾತ್ರೆ ತಗೋಬಹುದಾ?

ತಲೆನೋವು ಬಿಡುತ್ತಿಲ್ಲ ಅಂತ ಎಂಆರ್‌ಐ ಮಾಡಿಸುತ್ತೀರಿ. ರಿಪೋರ್ಟಿನಲ್ಲಿ ‘ಕ್ಯಾವರ್ನೋಮಾ’ ಎಂದು ಬರೆದಿರುತ್ತದೆ. ‘ಮೆದುಳಿನ ಸಣ್ಣ ರಕ್ತನಾಳಗಳು ಒಂದು ಕಡೆ ಗಂಟು ಕಟ್ಟಿಕೊಂಡಿವೆ, ಸದ್ಯಕ್ಕೆ ಏನೂ ಮಾಡೋದು ಬೇಡ, ಆರು ತಿಂಗಳು ಬಿಟ್ಟು ನೋಡೋಣ’ ಅಂತ ಡಾಕ್ಟರು ಹೇಳುತ್ತಾರೆ. ಮನೆಗೆ ಬಂದು ಮೊಬೈಲಿನಲ್ಲಿ ಹುಡುಕಿದರೆ ಮೊದಲು ಕಣ್ಣಿಗೆ ಬೀಳುವುದೇ ರಕ್ತಸ್ರಾವ. ಆಗ ಇನ್ನೊಂದು ವಿಷಯ ತಲೆಗೆ ಹೊಳೆಯುತ್ತದೆ. ದಿನಾ ರಾತ್ರಿ ತಗೊಳ್ಳುವ ಖಿನ್ನತೆಯ ಮಾತ್ರೆಯ ಡಬ್ಬಿಯಲ್ಲಿರುವ ಮಾಹಿತಿ ಹಾಳೆಯಲ್ಲೂ ರಕ್ತಸ್ರಾವದ ಮಾತಿತ್ತಲ್ಲ?

ಹೆದರಿಕೆಯಾಗುವುದು ಸಹಜ. ಆದರೆ ಆ ರಾತ್ರಿಯೇ ಮಾತ್ರೆ ಬಿಟ್ಟುಬಿಡಬೇಡಿ. ಆ ಎಚ್ಚರಿಕೆ ಸುಳ್ಳಲ್ಲ. ಹಾಗಂತ ಅದನ್ನು ಓದಿದಾಗ ಅನ್ನಿಸುವಷ್ಟು ದೊಡ್ಡದೂ ಅಲ್ಲ. ಅದು ಎಷ್ಟು ದೊಡ್ಡದು, ಎಲ್ಲಿಂದ ಬಂತು, ಯಾರು ಜಾಸ್ತಿ ಹುಷಾರಾಗಿರಬೇಕು ಅನ್ನುವುದನ್ನು ಬುಡದಿಂದ ನೋಡೋಣ.

ರಕ್ತನಾಳದ ದೋಷ ಎಂದರೆ ಯಾವುದು?

‘ಮೆದುಳಿನ ರಕ್ತನಾಳದ ದೋಷ’ ಅನ್ನುವ ಒಂದೇ ಹೆಸರಿನಡಿ ಬೇರೆ ಬೇರೆ ತೊಂದರೆಗಳು ಬರುತ್ತವೆ. ನಿಮ್ಮ ರಿಪೋರ್ಟಿನಲ್ಲಿ ಇರುವುದು ಯಾವುದು ಅಂತ ಮೊದಲು ಗೊತ್ತಾಗಬೇಕು. ಯಾಕೆಂದರೆ ಅಪಾಯದ ಲೆಕ್ಕ ಒಂದೊಂದಕ್ಕೆ ಒಂದೊಂದು ಥರ.

ಕ್ಯಾವರ್ನೋಮಾ ನೋಡಲಿಕ್ಕೆ ಹಿಪ್ಪುನೇರಳೆ ಹಣ್ಣಿನ ಹಾಗಿರುತ್ತದೆ. ಪುಟ್ಟ ಪುಟ್ಟ ಗುಳ್ಳೆಗಳು ಒತ್ತೊತ್ತಾಗಿ ಅಂಟಿಕೊಂಡಿರುತ್ತವೆ. ಒಂದೊಂದು ಗುಳ್ಳೆಯೂ ಅಗಲವಾಗಿ ಉಬ್ಬಿದ, ಗೋಡೆ ತೆಳುವಾದ ಸಣ್ಣ ರಕ್ತನಾಳ. ಒಳಗೆ ರಕ್ತ ತುಂಬಾ ನಿಧಾನವಾಗಿ ಓಡುತ್ತದೆ, ಒತ್ತಡವೂ ಕಡಿಮೆ. ಗೋಡೆಯ ಕೋಶಗಳ ನಡುವಿನ ಬೆಸುಗೆ ಸಡಿಲ ಇರುವುದರಿಂದ ರಕ್ತ ಆಗಾಗ ಜಿನುಗುತ್ತದೆ. ಜಿನುಗಿದ ರಕ್ತದ ಕಬ್ಬಿಣದ ಅಂಶ ಸುತ್ತಲೂ ಉಳಿದುಬಿಡುತ್ತದೆ. ಎಂಆರ್‌ಐ ಚಿತ್ರದಲ್ಲಿ ಗಂಟಿನ ಸುತ್ತ ಕಾಣುವ ಕಪ್ಪು ಉಂಗುರ ಅದೇ. ಅದನ್ನು ನೋಡಿ ‘ಈಗ ರಕ್ತ ಸುರಿಯುತ್ತಿದೆ’ ಅಂತ ಗಾಬರಿಯಾಗಬೇಕಿಲ್ಲ, ಅದು ಹಳೆಯ ಕಲೆ. ಸುಮಾರು 200 ಜನರಲ್ಲಿ ಒಬ್ಬರಿಗೆ ಕ್ಯಾವರ್ನೋಮಾ ಇರಬಹುದು ಅನ್ನುವ ಅಂದಾಜಿದೆ. ಬಹಳ ಜನರಿಗೆ ಜೀವನಪೂರ್ತಿ ಗೊತ್ತೇ ಆಗುವುದಿಲ್ಲ. ಕೆಲವು ಮನೆತನಗಳಲ್ಲಿ ಮಾತ್ರ ಇದು ವಂಶದಲ್ಲಿ ಹರಿದು ಬರುತ್ತದೆ. ಅಂಥವರ ಮೆದುಳಿನಲ್ಲಿ ಒಂದಲ್ಲ, ಹಲವು ಗಂಟುಗಳಿರುತ್ತವೆ.

ಎವಿಎಂ ಅನ್ನುವ ಇನ್ನೊಂದು ದೋಷದ್ದು ಬೇರೆಯೇ ಕಥೆ. ಹೃದಯದಿಂದ ರಕ್ತ ತರುವ ಅಪಧಮನಿಗೂ ರಕ್ತವನ್ನು ವಾಪಸ್ ಒಯ್ಯುವ ಅಭಿಧಮನಿಗೂ ನಡುವೆ ಕೂದಲೆಳೆಯಂಥ ನಾಳಗಳ ಜಾಲ ಇರಬೇಕು. ಎವಿಎಂನಲ್ಲಿ ಆ ಜಾಲವೇ ಇಲ್ಲ. ಜೋರು ಒತ್ತಡದ ರಕ್ತ ನೇರವಾಗಿ ಅಭಿಧಮನಿಗೆ ನುಗ್ಗುತ್ತದೆ. ಅಷ್ಟು ಒತ್ತಡ ತಡೆಯುವ ಶಕ್ತಿ ಅಭಿಧಮನಿಯ ಗೋಡೆಗೆ ಇರುವುದಿಲ್ಲ. ಚಿಕಿತ್ಸೆ ಆಗದ ಎವಿಎಂ ಒಡೆಯುವ ಸಾಧ್ಯತೆ ವರ್ಷಕ್ಕೆ ಸುಮಾರು ಶೇಕಡ 2ರಿಂದ 4. ಒಡೆದರೆ ಪೆಟ್ಟು ದೊಡ್ಡದು.

ರಿಪೋರ್ಟಿನಲ್ಲಿ ‘ಡಿವಿಎ’ ಅಂತ ಮಾತ್ರ ಬರೆದಿದ್ದರೆ ನೆಮ್ಮದಿಯಾಗಿರಿ. ಅದು ಅಭಿಧಮನಿಗಳು ಸ್ವಲ್ಪ ಬೇರೆ ರೀತಿ ಜೋಡಣೆಯಾಗಿರುವುದು, ಅಷ್ಟೇ. ಅದರಿಂದ ರಕ್ತಸ್ರಾವ ಆಗುವುದು ತೀರಾ ಅಪರೂಪ.

ಗಂಟು ತಾನಾಗಿ ಒಡೆಯುವ ಸಾಧ್ಯತೆ ಎಷ್ಟು?

ಮಾತ್ರೆಯ ಮಾತಿಗೆ ಬರುವ ಮೊದಲು, ಮಾತ್ರೆಯೇ ಇಲ್ಲದಿದ್ದರೂ ಇರುವ ಅಪಾಯ ಎಷ್ಟು ಅಂತ ನೋಡಬೇಕು. ಕ್ಯಾವರ್ನೋಮಾ ಇದ್ದ 1,620 ಜನರ ಮಾಹಿತಿಯನ್ನು ಒಟ್ಟು ಸೇರಿಸಿದ ಅಧ್ಯಯನವೊಂದು 2016ರಲ್ಲಿ ‘ಲ್ಯಾನ್ಸೆಟ್ ನ್ಯೂರಾಲಜಿ’ಯಲ್ಲಿ ಬಂತು. ಎರಡು ವಿಷಯ ಎಲ್ಲವನ್ನೂ ತೀರ್ಮಾನಿಸುತ್ತವೆ ಅಂತ ಅದು ತೋರಿಸಿತು. ಗಂಟು ಮೆದುಳಿನ ಕಾಂಡದಲ್ಲಿ, ಅಂದರೆ ಮೆದುಳನ್ನು ಬೆನ್ನುಹುರಿಗೆ ಸೇರಿಸುವ ಭಾಗದಲ್ಲಿ ಇದೆಯಾ? ಅದು ಪತ್ತೆಯಾಗಿದ್ದು ರಕ್ತಸ್ರಾವವೋ ಕೈಕಾಲು ಸೋಲುವಂಥ ಲಕ್ಷಣವೋ ಕಂಡಿದ್ದರಿಂದಲಾ?

ಎರಡಕ್ಕೂ ‘ಇಲ್ಲ’ ಅನ್ನುವವರಲ್ಲಿ ಐದು ವರ್ಷದಲ್ಲಿ ರಕ್ತಸ್ರಾವ ಆಗುವುದು 100ಕ್ಕೆ ಸುಮಾರು 4 ಜನರಿಗೆ. ಕಾಂಡದಲ್ಲಿದ್ದು ಯಾವ ಲಕ್ಷಣವೂ ಇಲ್ಲದಿದ್ದರೆ 8. ಕಾಂಡದಲ್ಲಿಲ್ಲ, ಆದರೆ ಹಿಂದೆ ರಕ್ತಸ್ರಾವವೋ ಲಕ್ಷಣವೋ ಆಗಿದೆ ಎಂದರೆ 18. ಎರಡೂ ಇದ್ದರೆ 31. ತಲೆನೋವಿಗೆ ಸ್ಕ್ಯಾನ್ ಮಾಡಿಸಿದಾಗ ಅಚಾನಕ್ಕಾಗಿ ಕಂಡ ಗಂಟಿಗೂ, ಹೋದ ತಿಂಗಳು ರಕ್ತ ಸೋರಿದ ಕಾಂಡದ ಗಂಟಿಗೂ ಎಷ್ಟು ಅಂತರ ನೋಡಿ. ಖಿನ್ನತೆಯ ಮಾತ್ರೆ ಬಗ್ಗೆ ಇಬ್ಬರಿಗೂ ಒಂದೇ ಸಲಹೆ ಕೊಡಲಿಕ್ಕೆ ಆಗುವುದಿಲ್ಲ.

ಸೆರೊಟೊನಿನ್‌ಗೂ ರಕ್ತಕ್ಕೂ ಏನು ಸಂಬಂಧ?

ಇವತ್ತು ಖಿನ್ನತೆಗೆ, ಆತಂಕಕ್ಕೆ ಹೆಚ್ಚಾಗಿ ಬರೆದುಕೊಡುವುದು ಎಸ್‌ಎಸ್‌ಆರ್‌ಐ ಗುಂಪಿನ ಮಾತ್ರೆಗಳನ್ನು. ಎಸಿಟಾಲೊಪ್ರಾಂ, ಸರ್ಟ್ರಾಲೀನ್, ಫ್ಲೂಆಕ್ಸೆಟೀನ್, ಪ್ಯಾರಾಕ್ಸೆಟೀನ್ ಎಲ್ಲಾ ಇದೇ ಗುಂಪಿನವು. ಮೆದುಳಿನ ನರಕೋಶಗಳು ಒಂದಕ್ಕೊಂದು ಸುದ್ದಿ ಮುಟ್ಟಿಸಲು ಸೆರೊಟೊನಿನ್ ಎಂಬ ರಾಸಾಯನಿಕವನ್ನು ಹೊರಗೆ ಬಿಡುತ್ತವೆ, ಆಮೇಲೆ ವಾಪಸ್ ಹೀರಿಕೊಳ್ಳುತ್ತವೆ. ಹೀರಿಕೊಳ್ಳುವ ಬಾಗಿಲನ್ನು ಈ ಮಾತ್ರೆ ಮುಚ್ಚುತ್ತದೆ. ಆಗ ಸೆರೊಟೊನಿನ್ ಕೋಶಗಳ ನಡುವೆ ಜಾಸ್ತಿ ಹೊತ್ತು ಉಳಿಯುತ್ತದೆ.

ಅದೇ ಬಾಗಿಲು ಇನ್ನೊಂದು ಕಡೆಯೂ ಇದೆ. ರಕ್ತದ ಪ್ಲೇಟ್‌ಲೆಟ್‌ಗಳಲ್ಲಿ.

ನಮ್ಮ ದೇಹದ ಸೆರೊಟೊನಿನ್‌ನಲ್ಲಿ ಶೇಕಡ 90ಕ್ಕಿಂತ ಜಾಸ್ತಿ ತಯಾರಾಗುವುದು ಕರುಳಿನಲ್ಲಿ, ಮೆದುಳಿನಲ್ಲಲ್ಲ. ಪ್ಲೇಟ್‌ಲೆಟ್‌ಗಳಿಗೆ ಅದನ್ನು ತಯಾರಿಸಲು ಬರುವುದಿಲ್ಲ. ರಕ್ತದಲ್ಲಿ ಓಡಾಡುವಾಗ ಆ ಬಾಗಿಲಿನ ಮೂಲಕ ಎಳೆದುಕೊಂಡು ಕೂಡಿಟ್ಟುಕೊಳ್ಳುತ್ತವೆ. ಎಲ್ಲಾದರೂ ಗಾಯವಾದರೆ ಪ್ಲೇಟ್‌ಲೆಟ್ ಅಲ್ಲಿಗೆ ಹೋಗಿ ಅಂಟಿಕೊಂಡು, ಕೂಡಿಟ್ಟ ಸೆರೊಟೊನಿನ್ ಹೊರಗೆ ಚೆಲ್ಲುತ್ತದೆ. ಅದರಿಂದ ಬೇರೆ ಪ್ಲೇಟ್‌ಲೆಟ್‌ಗಳೂ ಚುರುಕಾಗಿ ಬಂದು ಸೇರುತ್ತವೆ, ರಕ್ತ ಬೇಗ ನಿಲ್ಲುತ್ತದೆ. ಎಸ್‌ಎಸ್‌ಆರ್‌ಐ ತಗೊಂಡ ಕೆಲವೇ ವಾರಗಳಲ್ಲಿ ಪ್ಲೇಟ್‌ಲೆಟ್‌ಗಳ ಸೆರೊಟೊನಿನ್ ದಾಸ್ತಾನು ಬಹುಪಾಲು ಖಾಲಿಯಾಗುತ್ತದೆ.

ಪ್ಲೇಟ್‌ಲೆಟ್‌ಗಳಿಗೆ ಸೆರೊಟೊನಿನ್ ಒಂದೇ ಆಧಾರವಲ್ಲ. ರಕ್ತ ಹೆಪ್ಪುಗಟ್ಟಲು ದೇಹದಲ್ಲಿ ಇನ್ನೂ ಹಲವು ದಾರಿಗಳಿವೆ. ಹಾಗಾಗಿ ರಕ್ತ ನಿಲ್ಲುವುದಿಲ್ಲ ಅಂತೇನೂ ಇಲ್ಲ, ಸ್ವಲ್ಪ ನಿಧಾನವಾಗಬಹುದು, ಅಷ್ಟೇ. ಕೆಲವರಿಗೆ ಚರ್ಮ ಬೇಗ ಕಂದುಗಟ್ಟುತ್ತದೆ. ಕೆಲವರಿಗೆ ಹಲ್ಲುಜ್ಜುವಾಗ ವಸಡಿನಲ್ಲಿ ರಕ್ತ ಕಾಣುತ್ತದೆ. ಬಹಳಷ್ಟು ಜನರಿಗೆ ಏನೂ ಗೊತ್ತಾಗುವುದಿಲ್ಲ.

ಅಂಕಿಗಳಲ್ಲಿ ಈ ಅಪಾಯ ಎಷ್ಟು?

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಜನ ಎಡವುವುದು ಇಲ್ಲೇ.

ಬ್ರಿಟನ್ನಿನಲ್ಲಿ ಹೊಸದಾಗಿ ಖಿನ್ನತೆಯ ಮಾತ್ರೆ ಶುರು ಮಾಡಿದ 13 ಲಕ್ಷಕ್ಕೂ ಜಾಸ್ತಿ ಜನರ ದಾಖಲೆ ನೋಡಿ ಮಾಡಿದ ಅಧ್ಯಯನ 2017ರಲ್ಲಿ ‘ಜಾಮಾ ನ್ಯೂರಾಲಜಿ’ಯಲ್ಲಿ ಪ್ರಕಟವಾಯಿತು. ಟ್ರೈಸೈಕ್ಲಿಕ್ ಅನ್ನುವ ಹಳೆಯ ಗುಂಪಿನ ಮಾತ್ರೆ ತಗೊಂಡವರಿಗೆ ಹೋಲಿಸಿದರೆ, ಎಸ್‌ಎಸ್‌ಆರ್‌ಐ ತಗೊಂಡವರಲ್ಲಿ ತಲೆಬುರುಡೆಯೊಳಗಿನ ರಕ್ತಸ್ರಾವ ಶೇಕಡ 17ರಷ್ಟು ಜಾಸ್ತಿ ಇತ್ತು. ಮೊದಲ 30 ದಿನಗಳಲ್ಲಿ ಈ ವ್ಯತ್ಯಾಸ ಇನ್ನೂ ಹೆಚ್ಚು, ಶೇಕಡ 44.

‘ಶೇಕಡ 17 ಜಾಸ್ತಿ’ ಎಂದರೆ 100ರಲ್ಲಿ 17 ಜನರಿಗೆ ರಕ್ತಸ್ರಾವ ಆಯಿತು ಅಂತಲ್ಲ. ಮೊದಲೇ ತೀರಾ ಅಪರೂಪದ ಒಂದು ಘಟನೆ, ಇನ್ನು ಸ್ವಲ್ಪ ಕಡಿಮೆ ಅಪರೂಪವಾಯಿತು ಅಂತ. ಅದೇ ಅಧ್ಯಯನದ ಲೆಕ್ಕವನ್ನು ಇನ್ನೊಂದು ರೀತಿ ಹೇಳಿದರೆ, ಒಂದು ಲಕ್ಷ ಜನ ಒಂದು ವರ್ಷ ಮಾತ್ರೆ ತಗೊಂಡರೆ ಹೆಚ್ಚುವರಿಯಾಗಿ ರಕ್ತಸ್ರಾವ ಆಗುವುದು ಸುಮಾರು 7 ಜನರಿಗೆ. ಉಳಿದ 99,993 ಜನರಿಗೆ ಈ ಕಾರಣದಿಂದ ಏನೂ ಆಗುವುದಿಲ್ಲ.

ಕ್ಯಾವರ್ನೋಮಾ ಇದ್ದವರಿಗೆ ಈ ಲೆಕ್ಕ ಹೊಂದುತ್ತದಾ?

ನ್ಯಾಯವಾದ ಪ್ರಶ್ನೆ. ಆ 13 ಲಕ್ಷ ಜನರಲ್ಲಿ ಬಹುಪಾಲು ಜನರ ಮೆದುಳಿನಲ್ಲಿ ಯಾವ ಗಂಟೂ ಇರಲಿಲ್ಲ. ಕ್ಯಾವರ್ನೋಮಾ ಇರುವವರನ್ನೇ ಎರಡು ಗುಂಪು ಮಾಡಿ, ಒಂದಕ್ಕೆ ಎಸ್‌ಎಸ್‌ಆರ್‌ಐ, ಇನ್ನೊಂದಕ್ಕೆ ಸುಮ್ಮನೆ ಸಕ್ಕರೆ ಮಾತ್ರೆ ಕೊಟ್ಟು ನೋಡಿದ ದೊಡ್ಡ ಪ್ರಯೋಗ ನಡೆದಿಲ್ಲ. ಹಾಗಾಗಿ ವೈದ್ಯರು ಅಕ್ಕಪಕ್ಕದ ಪುರಾವೆಗಳನ್ನು ಜೋಡಿಸಿ ನಿರ್ಧಾರ ಮಾಡುತ್ತಾರೆ. ಅದರಲ್ಲಿ ಎರಡು ಮುಖ್ಯ.

ಮೊದಲನೆಯದು ನನಗೆ ತುಂಬಾ ಧೈರ್ಯ ಕೊಡುವಂಥದ್ದು. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಆಸ್ಪಿರಿನ್‌ನಂಥ ಮಾತ್ರೆಗಳು ಪ್ಲೇಟ್‌ಲೆಟ್‌ಗಳ ಮೇಲೆ ಎಸ್‌ಎಸ್‌ಆರ್‌ಐಗಿಂತ ಜೋರಾಗಿ ಕೆಲಸ ಮಾಡುತ್ತವೆ. ಸ್ಕಾಟ್ಲೆಂಡಿನಲ್ಲಿ ಕ್ಯಾವರ್ನೋಮಾ ಇದ್ದ 300 ಜನರನ್ನು ವರ್ಷಗಟ್ಟಲೆ ಗಮನಿಸಿದರು. ಅಂಥ ಮಾತ್ರೆ ತಗೊಳ್ಳುತ್ತಿದ್ದ 61 ಜನರಲ್ಲಿ ರಕ್ತಸ್ರಾವವೋ ಹೊಸ ಲಕ್ಷಣವೋ ಕಂಡಿದ್ದು ಒಬ್ಬರಿಗೆ. ತಗೊಳ್ಳದ 239 ಜನರಲ್ಲಿ 29 ಮಂದಿಗೆ. 2019ರಲ್ಲಿ ಬಂದ ಈ ಫಲಿತಾಂಶ ಹಳೆಯ ಭಯವನ್ನೇ ತಲೆಕೆಳಗು ಮಾಡಿತು. ಇದರಿಂದ ಆಸ್ಪಿರಿನ್ ತಗೊಂಡರೆ ಕ್ಯಾವರ್ನೋಮಾಕ್ಕೆ ಒಳ್ಳೆಯದು ಅಂತ ತೀರ್ಮಾನಿಸಬಾರದು. ಇದು ಗಮನಿಸಿ ಬರೆದುಕೊಂಡ ಅಧ್ಯಯನ, ಪ್ರಯೋಗವಲ್ಲ. ಆದರೆ ಪ್ಲೇಟ್‌ಲೆಟ್‌ಗಳನ್ನು ಸ್ವಲ್ಪ ಮಂಕು ಮಾಡಿದ ತಕ್ಷಣ ಕ್ಯಾವರ್ನೋಮಾ ಒಡೆದುಬಿಡುತ್ತದೆ ಅನ್ನುವ ಅಂಜಿಕೆಗೆ ಇದು ಬೆಂಬಲ ಕೊಡುವುದಿಲ್ಲ.

ಎರಡನೆಯದು ಬ್ರಿಟನ್ನಿನ ‘ಫೋಕಸ್’ ಪ್ರಯೋಗ. ಪಾರ್ಶ್ವವಾಯು ಆದ 3,127 ಜನರಲ್ಲಿ ಅರ್ಧ ಮಂದಿಗೆ ಆರು ತಿಂಗಳು ಫ್ಲೂಆಕ್ಸೆಟೀನ್ ಕೊಟ್ಟರು. ಇವರಲ್ಲಿ ಮೆದುಳಿನ ರಕ್ತಸ್ರಾವದಿಂದಲೇ ಪಾರ್ಶ್ವವಾಯು ಆಗಿದ್ದವರೂ ಇದ್ದರು. ಕೈಕಾಲಿನ ಚೇತರಿಕೆಗೆ ಮಾತ್ರೆಯಿಂದ ಉಪಯೋಗವಾಗಲಿಲ್ಲ. ಹೊಸದಾಗಿ ಖಿನ್ನತೆ ಬರುವುದು ಕಡಿಮೆಯಾಯಿತು. ಎದ್ದು ಕಂಡ ತೊಂದರೆ ಎಂದರೆ ಮೂಳೆ ಮುರಿತ, 100ರಲ್ಲಿ 1.5ರಿಂದ 2.9ಕ್ಕೆ ಏರಿತು. ಮಾತ್ರೆಯ ಅಪಾಯ ಎಂದರೆ ರಕ್ತಸ್ರಾವ ಮಾತ್ರ ಅಂದುಕೊಂಡವರು ಇದನ್ನೂ ಗಮನಿಸಬೇಕು. ವಯಸ್ಸಾದವರು ಬೀಳದಂತೆ ನೋಡಿಕೊಳ್ಳುವುದೂ ಅಷ್ಟೇ ಮುಖ್ಯ.

ಎವಿಎಂ ಇದ್ದವರಿಗೆ ಸ್ಕಾಟ್ಲೆಂಡಿನ ಸಮಾಧಾನವನ್ನು ಹಾಗೇ ಅನ್ವಯಿಸಲು ಬರುವುದಿಲ್ಲ. ಎವಿಎಂನಲ್ಲಿ ರಕ್ತದ ಒತ್ತಡವೇ ಬೇರೆ. ಇತ್ತೀಚೆಗೆ ರಕ್ತಸ್ರಾವ ಆದವರು, ಕಾಂಡದಲ್ಲಿ ಗಂಟಿರುವವರು, ವಾರ್ಫರಿನ್‌ನಂಥ ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ಳುವವರು, ಬಿಪಿ ಹಿಡಿತಕ್ಕೆ ಬಾರದವರು, ಇವರೆಲ್ಲರ ವಿಷಯದಲ್ಲೂ ವೈದ್ಯರು ಒಂದು ಹೆಜ್ಜೆ ಜಾಸ್ತಿ ಯೋಚಿಸುತ್ತಾರೆ.

ಖಿನ್ನತೆಗೆ ಚಿಕಿತ್ಸೆಯೇ ಬೇಡ ಅಂದರೆ?

ಮಾತ್ರೆಯ ಅಪಾಯವನ್ನು ಮಾತ್ರ ತೂಗಿದರೆ ತಕ್ಕಡಿಯ ಒಂದೇ ತಟ್ಟೆ ನೋಡಿದಂತೆ. ಖಿನ್ನತೆ ಬರೀ ಬೇಜಾರಲ್ಲ. ನಿದ್ದೆ, ಊಟ, ಕೆಲಸ ಎಲ್ಲವನ್ನೂ ಕೆಡಿಸುತ್ತದೆ, ಜೀವಕ್ಕೂ ಕುತ್ತು ತರುತ್ತದೆ. ಬಿಪಿ ಮಾತ್ರೆ, ಫಿಟ್ಸ್ ಮಾತ್ರೆ ಸರಿಯಾಗಿ ತಗೊಳ್ಳುವುದನ್ನೂ ಖಿನ್ನತೆ ಬಿಡಿಸಿಬಿಡುತ್ತದೆ. ಮೆದುಳಿನಲ್ಲಿ ಗಂಟಿರುವವರಿಗೆ ಅದೇ ದೊಡ್ಡ ಅಪಾಯ.

ಇವರಿಗೆ ಖಿನ್ನತೆ ಬರಲು ಕಾರಣಗಳೂ ಬಹಳ. ‘ತಲೆಯಲ್ಲಿ ಏನೋ ಇದೆ’ ಅನ್ನುವ ಚಿಂತೆ, ಫಿಟ್ಸ್ ಬಂದರೆ ಗಾಡಿ ಓಡಿಸುವಂತಿಲ್ಲ, ಕೆಲಸಕ್ಕೆ ತೊಂದರೆ. ಇನ್ನೊಂದು ಕಾರಣವನ್ನು ಬಹಳ ಜನ ಗಮನಿಸುವುದೇ ಇಲ್ಲ. ಫಿಟ್ಸ್‌ಗೆ ಕೊಡುವ ಲೆವೆಟಿರಾಸಿಟಂ ಕೆಲವರಲ್ಲಿ ಸಿಡುಕು, ಅಳು, ಖಿನ್ನತೆ ತರುತ್ತದೆ. ಆ ಮಾತ್ರೆ ಶುರುವಾದ ಮೇಲೆ ಮನಸ್ಸು ಕುಗ್ಗಿದ್ದರೆ ಡಾಕ್ಟರಿಗೆ ಹೇಳಲೇಬೇಕು. ಫಿಟ್ಸ್ ಮಾತ್ರೆ ಬದಲಿಸಿದರೆ ಖಿನ್ನತೆಯ ಮಾತ್ರೆಯೇ ಬೇಕಾಗದೆ ಹೋಗಬಹುದು.

ಖಿನ್ನತೆ ಹಗುರವಾಗಿದ್ದರೆ ಆಪ್ತಸಮಾಲೋಚನೆ, ಯೋಚನೆಯ ಧಾಟಿ ಬದಲಿಸುವ ಸಿಬಿಟಿ ಚಿಕಿತ್ಸೆಯಿಂದಲೇ ಶುರು ಮಾಡಬಹುದು. ಅದಕ್ಕೂ ರಕ್ತಕ್ಕೂ ಸಂಬಂಧವಿಲ್ಲ. ಎಲ್ಲಿಗೆ ಹೋಗಬೇಕು ಅಂತ ತಿಳಿಯದಿದ್ದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ. 2022ರ ಅಕ್ಟೋಬರಿನಲ್ಲಿ ಶುರುವಾದ ಈ ಉಚಿತ ಸೇವೆಗೆ ಬೆಂಗಳೂರಿನ ನಿಮ್ಹಾನ್ಸ್ ಕೇಂದ್ರ ಸಂಸ್ಥೆ. ಕನ್ನಡದಲ್ಲೇ ಮಾತಾಡಬಹುದು, ಹಗಲು ರಾತ್ರಿ ಯಾವಾಗಲಾದರೂ.

ಯಾವ ಮಾತ್ರೆ ಅನ್ನುವುದನ್ನು ವೈದ್ಯರು ಹೇಗೆ ಆರಿಸುತ್ತಾರೆ?

ಸೆರೊಟೊನಿನ್ ಬಾಗಿಲನ್ನು ಎಲ್ಲಾ ಮಾತ್ರೆಗಳೂ ಒಂದೇ ಸಮ ಮುಚ್ಚುವುದಿಲ್ಲ. ಪ್ಯಾರಾಕ್ಸೆಟೀನ್, ಸರ್ಟ್ರಾಲೀನ್, ಫ್ಲೂಆಕ್ಸೆಟೀನ್ ಬಿಗಿಯಾಗಿ ಮುಚ್ಚುವವು. ಎಸಿಟಾಲೊಪ್ರಾಂ, ವೆನ್ಲಾಫ್ಯಾಕ್ಸಿನ್ ಅನ್ನು ಸಾಮಾನ್ಯವಾಗಿ ನಡುವಿನ ಗುಂಪಿಗೆ ಸೇರಿಸುತ್ತಾರೆ. ಮಿರ್ಟಾಜಪೀನ್, ಬ್ಯುಪ್ರೊಪಿಯಾನ್ ಆ ಬಾಗಿಲ ತಂಟೆಗೆ ಹೋಗುವುದೇ ಇಲ್ಲ ಅನ್ನಬಹುದು.

ಹಾಗಾದರೆ ಎಲ್ಲರಿಗೂ ಬ್ಯುಪ್ರೊಪಿಯಾನ್ ಕೊಟ್ಟರಾಯಿತಲ್ವಾ? ಆಗುವುದಿಲ್ಲ. ಅದು ಫಿಟ್ಸ್ ಬರುವ ಸಾಧ್ಯತೆ ಹೆಚ್ಚಿಸುತ್ತದೆ. ಮೆದುಳಿನ ಹೊರಪದರದ ಹತ್ತಿರ ಇರುವ ಕ್ಯಾವರ್ನೋಮಾ ಎಷ್ಟೋ ಸಲ ಮೊದಲು ತೋರಿಸಿಕೊಳ್ಳುವುದೇ ಫಿಟ್ಸ್ ರೂಪದಲ್ಲಿ. ಫಿಟ್ಸ್ ಕಾಯಿಲೆ ಇದ್ದವರಿಗೆ ಬ್ಯುಪ್ರೊಪಿಯಾನ್ ಕೊಡಬಾರದು. ಹಳೆಯ ಗುಂಪಿನ ಕ್ಲೋಮಿಪ್ರಮೀನ್‌ಗೂ ಇದೇ ತಕರಾರಿದೆ. ವೆನ್ಲಾಫ್ಯಾಕ್ಸಿನ್ ಡೋಸ್ ಜಾಸ್ತಿಯಾದಂತೆ ಬಿಪಿ ಏರಬಹುದು, ಎವಿಎಂ ಇದ್ದವರಿಗೆ ಅದು ಒಳ್ಳೆಯದಲ್ಲ. ಮಿರ್ಟಾಜಪೀನ್ ರಕ್ತದ ವಿಷಯದಲ್ಲಿ ಸೌಮ್ಯ, ಆದರೆ ನಿದ್ದೆ, ಹಸಿವು, ತೂಕ ಮೂರನ್ನೂ ಹೆಚ್ಚಿಸುತ್ತದೆ. ನಿದ್ದೆಯಿಲ್ಲದೆ ಸೊರಗಿದವರಿಗೆ ಅದೇ ಅನುಕೂಲ, ಸಕ್ಕರೆ ಕಾಯಿಲೆ ಇದ್ದು ತೂಕ ಜಾಸ್ತಿ ಇರುವವರಿಗೆ ಅನನುಕೂಲ.

ಫಿಟ್ಸ್ ಮಾತ್ರೆಗಳ ಜೊತೆಗಿನ ಹೊಂದಾಣಿಕೆಯನ್ನೂ ನೋಡಬೇಕು. ಕಾರ್ಬಮಜೆಪಿನ್, ಫೆನಿಟಾಯಿನ್ ತಗೊಳ್ಳುವವರಲ್ಲಿ ಲಿವರ್ ಕೆಲವು ಖಿನ್ನತೆಯ ಮಾತ್ರೆಗಳನ್ನು ಬೇಗ ಕರಗಿಸಿಬಿಡುತ್ತದೆ. ಮಾತ್ರೆ ತಗೊಂಡರೂ ಪರಿಣಾಮ ಕಾಣುವುದಿಲ್ಲ. ಫ್ಲೂಆಕ್ಸೆಟೀನ್ ಮಾಡುವುದು ಉಲ್ಟಾ, ರಕ್ತದಲ್ಲಿ ಫೆನಿಟಾಯಿನ್ ಮಟ್ಟವನ್ನು ಏರಿಸುತ್ತದೆ. ವ್ಯಾಲ್‌ಪ್ರೊಯೇಟ್ ಕೆಲವರಲ್ಲಿ ಪ್ಲೇಟ್‌ಲೆಟ್ ಸಂಖ್ಯೆಯನ್ನೇ ಇಳಿಸುತ್ತದೆ. ಎಸ್‌ಎಸ್‌ಆರ್‌ಐ ಜೊತೆಗೆ ಕಾರ್ಬಮಜೆಪಿನ್ ಅಥವಾ ಆಕ್ಸ್‌ಕಾರ್ಬಜೆಪಿನ್ ಸೇರಿದರೆ, ಅದರಲ್ಲೂ ವಯಸ್ಸಾದವರಲ್ಲಿ, ರಕ್ತದಲ್ಲಿನ ಸೋಡಿಯಂ ಎಂಬ ಲವಣಾಂಶ ಕುಸಿಯಬಹುದು. ಸೋಡಿಯಂ ತೀರಾ ಇಳಿದರೆ ಗೊಂದಲ, ಮಂಪರು, ಕೊನೆಗೆ ಫಿಟ್ಸ್. ಮಾತ್ರೆ ಶುರುವಾದ ಕೆಲ ವಾರಗಳಲ್ಲಿ ಒಂದು ಸಣ್ಣ ರಕ್ತಪರೀಕ್ಷೆ ಮಾಡಿಸಿದರೆ ಇದು ಸಿಕ್ಕಿಬೀಳುತ್ತದೆ.

ಮೆಡಿಕಲ್ ಶಾಪಿನ ನೋವಿನ ಮಾತ್ರೆ

ಸೊಂಟ ನೋವು ಅಂತ ಹೋದರೆ ಮೆಡಿಕಲ್ ಶಾಪಿನವರು ಒಂದು ಮಾತ್ರೆ ಕತ್ತರಿಸಿ ಕೊಡುತ್ತಾರೆ. ಅದರಲ್ಲಿ ಡೈಕ್ಲೊಫೆನಾಕೋ ಅಸೆಕ್ಲೊಫೆನಾಕೋ ಐಬುಪ್ರೊಫೆನ್ನೋ ಇರುತ್ತದೆ. ಕತ್ತರಿಸಿದ ಪಟ್ಟಿಯ ಮೇಲೆ ಎಷ್ಟೋ ಸಲ ಹೆಸರೂ ಪೂರ್ತಿ ಉಳಿದಿರುವುದಿಲ್ಲ. ಈ ಗುಂಪಿನ ಮಾತ್ರೆಗಳು ಪ್ಲೇಟ್‌ಲೆಟ್‌ಗಳನ್ನು ಇನ್ನೊಂದು ದಾರಿಯಿಂದ ಮಂಕು ಮಾಡುತ್ತವೆ, ಹೊಟ್ಟೆಯ ಒಳಪದರಕ್ಕೂ ಪೆಟ್ಟು ಕೊಡುತ್ತವೆ. ಖಿನ್ನತೆಯ ಮಾತ್ರೆಯೂ ಜೊತೆಗಿದ್ದರೆ ಎರಡು ಕಡೆಯಿಂದ ಪೆಟ್ಟು. ದಕ್ಷಿಣ ಕೊರಿಯಾದಲ್ಲಿ 40 ಲಕ್ಷಕ್ಕೂ ಹೆಚ್ಚು ಜನರ ದಾಖಲೆ ನೋಡಿದಾಗ, ಖಿನ್ನತೆಯ ಮಾತ್ರೆ ಮಾತ್ರ ತಗೊಂಡವರಿಗಿಂತ, ಜೊತೆಗೆ ಇಂಥ ನೋವಿನ ಮಾತ್ರೆಯನ್ನೂ ತಗೊಂಡವರಲ್ಲಿ ಮೊದಲ 30 ದಿನಗಳ ಮೆದುಳಿನ ರಕ್ತಸ್ರಾವ ಶೇಕಡ 60ರಷ್ಟು ಜಾಸ್ತಿ ಕಂಡಿತು. ಹಾಗಾಗಿ ನನ್ನ ಪ್ರಕಾರ ಇಡೀ ವಿಷಯದಲ್ಲಿ ನಮ್ಮ ಕೈಯಲ್ಲೇ ಇರುವ ಮುಖ್ಯ ಎಚ್ಚರಿಕೆ ಇದು. ಜ್ವರಕ್ಕೋ ನೋವಿಗೋ ಪ್ಯಾರಾಸಿಟಮಾಲ್ ಕೇಳಿ ಪಡೆಯಿರಿ, ಹೇಳಿದ ಅಳತೆಯಲ್ಲಿ. ಬೇರೆ ಏನೇ ಕೊಟ್ಟರೂ ಹೆಸರು ಓದಿ.

ಹೃದಯಕ್ಕೆ ಅಂತ ಡಾಕ್ಟರು ಬರೆದ ಆಸ್ಪಿರಿನ್ ವಿಷಯ ಬೇರೆ. ಅದನ್ನು ನೀವಾಗಿ ನಿಲ್ಲಿಸಬೇಡಿ, ಎರಡೂ ಮಾತ್ರೆ ಇವೆ ಅಂತ ಹೇಳಿ.

ಮಳೆಗಾಲದ ಡೆಂಗಿಯನ್ನೂ ಇಲ್ಲೇ ಹೇಳಬೇಕು. ಡೆಂಗಿಯಲ್ಲಿ ಪ್ಲೇಟ್‌ಲೆಟ್ ಸಂಖ್ಯೆ ಇಳಿಯುತ್ತದೆ. ಜ್ವರ ಅಂತ ಆಸ್ಪತ್ರೆಗೆ ಹೋದಾಗ ಮೆದುಳಿನ ಗಂಟಿನ ವಿಷಯವನ್ನೂ ಖಿನ್ನತೆಯ ಮಾತ್ರೆಯ ವಿಷಯವನ್ನೂ ಮೊದಲೇ ತಿಳಿಸಿ. ಮಾನಸಿಕ ಕಾಯಿಲೆಯ ಮಾತ್ರೆ ಅಂತ ಮುಚ್ಚಿಡುವವರು ನಮ್ಮಲ್ಲಿ ಬಹಳ. ಆದರೆ ಎದುರಿಗಿರುವ ಡಾಕ್ಟರಿಗೆ ಅದು ಗೊತ್ತಿಲ್ಲದಿದ್ದರೆ ಅವರ ಲೆಕ್ಕವೇ ತಪ್ಪುತ್ತದೆ.

ಈಗಾಗಲೇ ಮಾತ್ರೆ ತಗೊಳ್ಳುತ್ತಿದ್ದರೆ

ಒಮ್ಮೆಲೇ ನಿಲ್ಲಿಸಿದರೆ ತಲೆಸುತ್ತು, ಸಿಡುಕು, ನಿದ್ದೆಗೇಡು, ತಲೆಯೊಳಗೆ ಕರೆಂಟ್ ಹೊಡೆದಂತಾಗುವುದು ಶುರುವಾಗಬಹುದು. ಪ್ಯಾರಾಕ್ಸೆಟೀನ್, ವೆನ್ಲಾಫ್ಯಾಕ್ಸಿನ್‌ನಲ್ಲಿ ಇದು ಜಾಸ್ತಿ. ಫ್ಲೂಆಕ್ಸೆಟೀನ್ ದೇಹದಿಂದ ನಿಧಾನವಾಗಿ ಹೋಗುವುದರಿಂದ ಅದರಲ್ಲಿ ಕಡಿಮೆ. ಮೆದುಳಿನಲ್ಲಿ ಗಂಟು ಇರುವವರಿಗೆ ಈ ತಲೆಸುತ್ತು ಮಾತ್ರೆ ಬಿಟ್ಟಿದ್ದಕ್ಕೆ ಬಂತಾ, ಗಂಟಿನಿಂದ ಬಂತಾ ಅನ್ನುವ ಹೊಸ ಗಾಬರಿ ಬೇರೆ. ಬಿಡಲೇಬೇಕು ಅಂತ ತೀರ್ಮಾನವಾದರೆ ವೈದ್ಯರು ವಾರಗಳ ಮೇಲೆ ಡೋಸ್ ಇಳಿಸುತ್ತಾ ಬರುತ್ತಾರೆ.

ಹೊಸದಾಗಿ ಮಾತ್ರೆ ಶುರು ಮಾಡಿದ ಮೊದಲ ಕೆಲ ವಾರ ಮನೆಯವರು ಹತ್ತಿರ ಇರಲಿ, ಅದರಲ್ಲೂ 25ರೊಳಗಿನವರಾದರೆ. ಈ ವಯಸ್ಸಿನ ಕೆಲವರಲ್ಲಿ ಶುರುವಿನಲ್ಲಿ ತಳಮಳ, ಸಾಯುವ ಯೋಚನೆ ಹೆಚ್ಚುವುದುಂಟು. ಹಾಗಾದರೆ ಮುಂದಿನ ಅಪಾಯಿಂಟ್‌ಮೆಂಟ್‌ವರೆಗೆ ಕಾಯದೆ ಅವತ್ತೇ ಡಾಕ್ಟರಿಗೆ ತಿಳಿಸಿ.

ಮನೋವೈದ್ಯರ ಹತ್ತಿರ ಹೋಗುವಾಗ ಎಂಆರ್‌ಐ ರಿಪೋರ್ಟನ್ನೂ, ನರರೋಗ ತಜ್ಞರ ಹತ್ತಿರ ಹೋಗುವಾಗ ಮಾನಸಿಕ ಚಿಕಿತ್ಸೆಯ ಚೀಟಿಯನ್ನೂ ಒಯ್ಯಿರಿ. ಕೇಳಬೇಕಾದ್ದು ಇಷ್ಟು: ನನ್ನ ಗಂಟು ಯಾವ ಥರದ್ದು, ಎಲ್ಲಿದೆ? ಹಿಂದೆ ರಕ್ತ ಸೋರಿದ ಗುರುತಿದೆಯಾ? ನನಗೆ ಫಿಟ್ಸ್ ಬರುವ ಸಾಧ್ಯತೆ ಎಷ್ಟು? ಈಗಿರುವ ಬೇರೆ ಮಾತ್ರೆಗಳಿಗೆ ಈ ಖಿನ್ನತೆಯ ಮಾತ್ರೆ ಹೊಂದುತ್ತದಾ? ಸೋಡಿಯಂ ಯಾವಾಗ ನೋಡಿಸಬೇಕು?

ಇದ್ದಕ್ಕಿದ್ದಂತೆ ಹಿಂದೆಂದೂ ಬಾರದಂಥ ತಲೆನೋವು, ಜೊತೆಗೆ ವಾಂತಿ, ಮಾತು ತೊದಲುವುದು, ಒಂದು ಕಡೆಯ ಕೈಕಾಲು ಸೋಲುವುದು, ಎರಡೆರಡಾಗಿ ಕಾಣುವುದು, ಮೊದಲ ಸಲ ಫಿಟ್ಸ್ ಬರುವುದು ಕಂಡರೆ ಮಾತ್ರೆಯ ಲೆಕ್ಕಾಚಾರ ಮಾಡುತ್ತಾ ಕೂರಬೇಡಿ. 108ಕ್ಕೆ ಫೋನ್ ಮಾಡಿ, ಸಿಟಿ ಸ್ಕ್ಯಾನ್ ಇರುವ ಆಸ್ಪತ್ರೆಗೆ ಹೋಗಿ. ತಗೊಳ್ಳುವ ಎಲ್ಲಾ ಮಾತ್ರೆಗಳನ್ನೂ ಒಂದು ಚೀಲಕ್ಕೆ ಹಾಕಿ ಜೊತೆಗೆ ತಗೊಂಡು ಹೋಗಿ.